ಗುಡ್ಡದ ಮೇಲಿನ ಕಾಲೇಜು, ಇಪ್ಪತ್ತೊಂದು ವರ್ಷದ ತಂಡ

ಕೇಳುಗರೆಲ್ಲರಿಗೂ ನಮಸ್ಕಾರ. ಇಂದು ನಾನು ಮಾತನಾಡಲು ಬಂದಿರುವುದು ಒಂದು ಸಣ್ಣ ಕಾಲೇಜಿನ ಪುರುಷರ ಫುಟ್‌ಬಾಲ್ ತಂಡದ ಬಗ್ಗೆ. ಕಾಲೇಜಿನ ಹೆಸರು ಹಾರ್ಟ್‌ವಿಕ್. ಅದು ಇರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಳನಾಡಿನ ಓನಿಯಾಂಟಾ ಎಂಬ ಊರಿನಲ್ಲಿ. ನ್ಯೂಯಾರ್ಕ್ ಎಂದೊಡನೆ ಮುಗಿಲೆತ್ತರದ ಕಟ್ಟಡಗಳನ್ನು ನೆನೆಯಬೇಡಿ. ಇದು ಗುಡ್ಡಗಳ ನಡುವಿನ, ಸಸ್ಕ್ವೆಹಾನಾ ನದಿಯ ದಡದ, ಹದಿಮೂರು ಸಾವಿರದ ಆಸುಪಾಸಿನ ಜನಸಂಖ್ಯೆಯ ಊರು. ನಮ್ಮ ಎಷ್ಟೋ ತಾಲ್ಲೂಕು ಕೇಂದ್ರಗಳಿಗಿಂತ ಚಿಕ್ಕದು. ನಾವು ಫುಟ್‌ಬಾಲ್ ಎನ್ನುವ ಆಟವನ್ನು ಅಲ್ಲಿಯವರು ಸಾಕರ್ ಎನ್ನುತ್ತಾರೆ. ನಾನು ನಮ್ಮ ಹೆಸರಿನಿಂದಲೇ ಕರೆಯುತ್ತೇನೆ.

ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪದವಿ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದವನು. ಹಾಗಾಗಿ ಈ ಮಾತುಗಳನ್ನು ಆಡುವಾಗ ನನ್ನ ಕಣ್ಣೆದುರಿಗಿರುವವರು ಸಣ್ಣ ಊರಿನ ಕಾಲೇಜುಗಳ ಪ್ರಾಂಶುಪಾಲರು, ನನ್ನ ಹಾಗೆಯೇ ಸೀಟಿ ಊದುತ್ತ ಬಿಸಿಲಿನಲ್ಲಿ ನಿಂತಿರುವ ನನ್ನ ಸಹೋದ್ಯೋಗಿಗಳು, ಮತ್ತು ಬೂಟು ಕೊಳ್ಳಲು ಮನೆಯಲ್ಲಿ ಹಣ ಕೇಳಲು ಹಿಂಜರಿಯುತ್ತಿರುವ ಹುಡುಗರು. ಇವರೆಲ್ಲರಿಗೂ ನಾನು ಹೇಳಬೇಕಾಗಿರುವುದು ಒಂದೇ ಒಂದು ಮಾತು. ತಂಡವನ್ನು ಟೂರ್ನಮೆಂಟಿಗೆ ಹದಿನೈದು ದಿನ ಮೊದಲು ಕಟ್ಟಲು ಬರುವುದಿಲ್ಲ. ಹಾರ್ಟ್‌ವಿಕ್ ಕಾಲೇಜು 1956ರಲ್ಲಿ ಫುಟ್‌ಬಾಲ್ ಆಡಲು ಆರಂಭಿಸಿತು, 1977ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ನಡುವೆ ಇರುವುದು 21 ವರ್ಷ. ದಯವಿಟ್ಟು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ನಾನು ಇದಕ್ಕೆ ಮತ್ತೆ ಮತ್ತೆ ಬರುತ್ತೇನೆ.

ಈ ಕಾಲೇಜಿನ ಮೂಲ 1797ರಷ್ಟು ಹಿಂದಿನದು. ಲೂಥರನ್ ಪಾದ್ರಿಯೊಬ್ಬರ ಹೆಸರಿನಲ್ಲಿ ಆರಂಭವಾದ ಧಾರ್ಮಿಕ ಪಾಠಶಾಲೆ ಅದು. 1928ರಲ್ಲಿ ಅದು ಓನಿಯಾಂಟಾದಲ್ಲಿ ಪದವಿ ಕಾಲೇಜಾಗಿ ನೆಲೆಯೂರಿತು. ಎಪ್ಪತ್ತರ ದಶಕದಲ್ಲೂ ವಿದ್ಯಾರ್ಥಿಗಳ ಸಂಖ್ಯೆ ಒಂದೂವರೆ ಸಾವಿರದ ಸುತ್ತಮುತ್ತ ಇದ್ದಿತೇ ಹೊರತು ಹೆಚ್ಚಿರಲಿಲ್ಲ. ಆ ಕಾಲದ ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ. 1959ರಲ್ಲಿ ರಾಷ್ಟ್ರೀಯ ಪಂದ್ಯಾವಳಿ ಆರಂಭವಾದಾಗಿನಿಂದ 1973ರವರೆಗಿನ ಹದಿನೈದು ವರ್ಷಗಳಲ್ಲಿ ಹತ್ತು ಬಾರಿ ಆ ಒಂದೇ ವಿಶ್ವವಿದ್ಯಾಲಯ ಪ್ರಶಸ್ತಿ ಪಡೆಯಿತು. ಅದರಲ್ಲಿ ಒಂದು ಸಲ ಮಾತ್ರ ಮಿಷಿಗನ್ ಸ್ಟೇಟ್ ಜೊತೆ ಹಂಚಿಕೊಂಡಿತು. ಅಂಥ ಕಾಲದಲ್ಲಿ, ಅಂಥವರೇ ಆಡುವ ಮೊದಲನೆಯ ದರ್ಜೆಯಲ್ಲಿ, ಒಂದೂವರೆ ಸಾವಿರ ವಿದ್ಯಾರ್ಥಿಗಳ ಕಾಲೇಜು ಕಣಕ್ಕಿಳಿಯಿತು.

ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ಎಲ್ಲರೂ ತರಬೇತುದಾರರ ಹೆಸರು ಹೇಳುತ್ತಾರೆ. ಹೇಳಲಿ, ತಪ್ಪಿಲ್ಲ. ಆದರೆ ಯಾವ ತರಬೇತುದಾರ? 1967ರಿಂದ 1972ರವರೆಗೆ ಆಲ್ ಮಿಲ್ಲರ್ ಇದ್ದರು. ಅವರ ಕಾಲದಲ್ಲಿ, 1970ರಲ್ಲಿ, ಹಾರ್ಟ್‌ವಿಕ್ ಮೊದಲ ಬಾರಿಗೆ ದೇಶದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ಮಿಲ್ಲರ್ ಅವರು ಕಾಲೇಜು ಬಿಟ್ಟು ಫಿಲಡೆಲ್ಫಿಯಾ ಆಟಮ್ಸ್ ಎಂಬ ಹೊಚ್ಚ ಹೊಸ ವೃತ್ತಿಪರ ತಂಡಕ್ಕೆ ಹೋದರು, ಆ ತಂಡ ತನ್ನ ಮೊದಲ ವರ್ಷವೇ, ಅಂದರೆ 1973ರಲ್ಲಿ, ಉತ್ತರ ಅಮೆರಿಕದ ಲೀಗ್ ಗೆದ್ದಿತು. ಇಂಥವರು ಹೊರಟುಹೋದ ಮೇಲೆ ನಮ್ಮಲ್ಲಾದರೆ ಏನಾಗುತ್ತದೆಂದು ನಿಮಗೆ ಗೊತ್ತು: ಚೆಂಡುಗಳು ಕಪಾಟು ಸೇರುತ್ತವೆ, ಮೈದಾನದಲ್ಲಿ ಹುಲ್ಲು ಬೆಳೆಯುತ್ತದೆ. ಅಲ್ಲಿ ಹಾಗಾಗಲಿಲ್ಲ. ಫಿನ್‌ಲೆಂಡಿನಲ್ಲಿ ಹುಟ್ಟಿದ ಟಿಮೊ ಲೀಕೊಸ್ಕಿ ಬಂದರು, 1974ರಲ್ಲಿ ತಂಡ ಮತ್ತೆ ಕೊನೆಯ ನಾಲ್ಕರಲ್ಲಿ ಇತ್ತು. ಅವರ ನಂತರ 1976ರಲ್ಲಿ ಜಿಮ್ ಲೆನಾಕ್ಸ್ ಬಂದರು, ಬಂದ ವರ್ಷವೇ ತಂಡ ಮತ್ತೊಮ್ಮೆ ಅಲ್ಲಿಗೆ ತಲುಪಿತು. ಮೂವರು ತರಬೇತುದಾರರು, ಮೂವರ ಕೈಯಲ್ಲೂ ಅದೇ ಎತ್ತರ. ಗುರು ಬದಲಾದರೂ ಅಭ್ಯಾಸ ಬದಲಾಗದಂತೆ ನೋಡಿಕೊಂಡದ್ದು ಕಾಲೇಜು. ನಾನು ಹೇಳುವ 21 ವರ್ಷ ಇದೇ.

ಈಗ 1977ರ ಕಥೆಗೆ ಬರುತ್ತೇನೆ. ಇದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಎಷ್ಟು ಬಾರಿ ಹೇಳಿದ್ದೇನೆಂದರೆ, ಅವರಲ್ಲಿ ಕೆಲವರು ಈಗ ತಮ್ಮ ಮಕ್ಕಳಿಗೆ ಹೇಳುತ್ತಿದ್ದಾರೆ.

ಮೊದಲು ಒಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳಿ. 1970ರಲ್ಲಿ ಸೆಮಿಫೈನಲ್‌ನಲ್ಲಿ ಸೋಲು. 1974ರಲ್ಲಿ ಸೆಮಿಫೈನಲ್‌ನಲ್ಲಿ ಸೋಲು. ಆ ವರ್ಷ ಪ್ರಶಸ್ತಿ ಗೆದ್ದದ್ದು, ಟ್ರಿನಿಡಾಡಿನ ಲಿಂಕನ್ ಫಿಲಿಪ್ಸ್ ತರಬೇತಿ ನೀಡಿದ, ಕಪ್ಪು ವರ್ಣೀಯರ ಹೆಮ್ಮೆಯ ಹೋವರ್ಡ್ ವಿಶ್ವವಿದ್ಯಾಲಯ. 1976ರಲ್ಲಿ ಮತ್ತೆ ಸೆಮಿಫೈನಲ್‌ನಲ್ಲಿ ಸೋಲು. ಮೂರು ಬಾರಿ ಹೊಸ್ತಿಲ ತನಕ ಹೋಗಿ, ಒಳಗೆ ಕಾಲಿಡದೆ ಹಿಂದಿರುಗಿದ ತಂಡವದು. ಮೂರನೆಯ ಬಾರಿ ಸೋತು ಊರಿಗೆ ಮರಳುವಾಗ, ಸಣ್ಣ ಕಾಲೇಜಿಗೆ ಇಷ್ಟೇ ಎಂದು ಯಾರಾದರೂ ಹೇಳಿದ್ದರೆ ಅದನ್ನು ತಪ್ಪೆನ್ನಲು ಯಾರಿಗೂ ಆಧಾರವಿರಲಿಲ್ಲ. ಆ ತಂಡದ ಅತ್ಯುತ್ತಮ ಆಟಗಾರ ಗ್ಲೆನ್ ಮಯರ್ನಿಕ್ ಆ ವರ್ಷದ ಹರ್ಮನ್ ಟ್ರೋಫಿಯನ್ನು, ಎಂದರೆ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿಯನ್ನು ಪಡೆದು, ಓದು ಮುಗಿಸಿ ಹೊರಟುಹೋದರು. ದೇಶದ ಅತ್ಯುತ್ತಮ ಆಟಗಾರನೇ ಹೋದ ಮೇಲೆ ಮರು ವರ್ಷ ಉಳಿದವರು ಏನು ಮಾಡಿಯಾರು ಎಂದು ನೀವು ಯೋಚಿಸುತ್ತಿರಬಹುದು. ಉಳಿದವರು ಇಡೀ ಋತುವಿನಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ.

ಆ ವರ್ಷದ ಕೊನೆಯ ಹಂತದ ಪಂದ್ಯಗಳು ನಡೆದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಎಡ್ವರ್ಡ್ಸ್ ಕ್ರೀಡಾಂಗಣದಲ್ಲಿ. ಓನಿಯಾಂಟಾದಿಂದ ಬರ್ಕ್ಲಿಗೆ ಸುಮಾರು 4,000 ಕಿಲೋಮೀಟರ್. ದೇಶದ ಒಂದು ಕರಾವಳಿಯ ಕಡೆಯಿಂದ ಇನ್ನೊಂದು ಕರಾವಳಿಗೆ ಹೋಗಬೇಕು. ಓನಿಯಾಂಟಾದ ಗುಡ್ಡಗಳಲ್ಲಿ ಡಿಸೆಂಬರ್ ಎಂದರೆ ಕೊರೆಯುವ ಚಳಿಯ, ಹಿಮದ ತಿಂಗಳು. ಅಂಥಲ್ಲಿಂದ ಬಂದ ಹುಡುಗರಿಗೆ ಫೈನಲ್‌ನಲ್ಲಿ ಎದುರಾದದ್ದು ಯಾರು? ಸ್ಯಾನ್‌ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ. ನಕ್ಷೆಯನ್ನು ನೋಡಿ: ಬರ್ಕ್ಲಿ ಒಂದು ದಡದಲ್ಲಿದೆ, ಸ್ಯಾನ್‌ಫ್ರಾನ್ಸಿಸ್ಕೊ ಅದೇ ಕೊಲ್ಲಿಯ ಎದುರು ದಡದಲ್ಲಿದೆ, ನಡುವೆ ಒಂದು ಸೇತುವೆ. ಎದುರಾಳಿಗಳು ತಮ್ಮ ಮನೆಯಲ್ಲಿ ಮಲಗಿ, ತಮ್ಮ ಮನೆಯಲ್ಲಿ ಉಂಡು, ಸೇತುವೆ ದಾಟಿ ಆಡಲು ಬರುವಷ್ಟು ಹತ್ತಿರ. ಸಾಲದೆಂಬಂತೆ ಅವರು 1975ರಲ್ಲೂ 1976ರಲ್ಲೂ ಚಾಂಪಿಯನ್ನರು. ಅವರ ತರಬೇತುದಾರ ಸ್ಟೀಫನ್ ನೆಗೊಯೆಸ್ಕೊ ರುಮೇನಿಯಾ ಮೂಲದವರು; ನೈಜೀರಿಯಾ, ನಾರ್ವೆ ಮುಂತಾದ ಹೊರದೇಶಗಳಿಂದಲೂ ಆಟಗಾರರನ್ನು ಕರೆತಂದು ತಂಡ ಕಟ್ಟಿದ್ದವರು. ಆ ದಿನ ಗೆದ್ದರೆ ಅವರದು ಸತತ ಮೂರನೆಯ ಪ್ರಶಸ್ತಿ.

1977ರ ಡಿಸೆಂಬರ್ 4ರಂದು ಪಂದ್ಯ ನಡೆಯಿತು. ಹಾರ್ಟ್‌ವಿಕ್ 2, ಸ್ಯಾನ್‌ಫ್ರಾನ್ಸಿಸ್ಕೊ 1.

ಎರಡು-ಒಂದು ಎಂಬ ಈ ಅಂತರವನ್ನು ಸ್ವಲ್ಪ ನಿಂತು ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಕಬಡ್ಡಿಯಲ್ಲಿ, ವಾಲಿಬಾಲಿನಲ್ಲಿ ಒಂದು ಅಂಕವೆಂದರೆ ಒಂದು ಅಂಕ, ಅದು ಹೋದರೆ ಇನ್ನೊಂದು ಬರುತ್ತದೆ. ಫುಟ್‌ಬಾಲಿನಲ್ಲಿ ಒಂದು ಗೋಲಿನ ಮುನ್ನಡೆಯೆಂದರೆ ಕೈಯಲ್ಲಿ ದೀಪ ಹಿಡಿದು ಗಾಳಿಯಲ್ಲಿ ನಡೆದ ಹಾಗೆ. ಸೋಲುತ್ತಿರುವ ತಂಡ ತನ್ನ ರಕ್ಷಣೆಯವರನ್ನೂ ಮುಂದಕ್ಕೆ ತಳ್ಳುತ್ತದೆ. ಗೆಲ್ಲುತ್ತಿರುವ ತಂಡದ ಕಾಲುಗಳು ತಾವಾಗಿಯೇ ಹಿಂದೆ ಹಿಂದೆ ಸರಿಯುತ್ತವೆ. ಚೆಂಡು ಸಿಕ್ಕಿದವನು ಅದನ್ನು ತನ್ನವನಿಗೆ ಕೊಡುವ ಬದಲು ಎತ್ತಿ ಎಲ್ಲೋ ಒದೆಯುತ್ತಾನೆ, ಅದು ಅರೆಕ್ಷಣದಲ್ಲಿ ಎದುರಾಳಿಯ ಕಾಲಿನಿಂದ ವಾಪಸು ಬರುತ್ತದೆ. ಆ ಹೊತ್ತಿನಲ್ಲಿ ತಲೆ ಎತ್ತಿ ನೋಡಿ, ತನ್ನ ಪಕ್ಕದವನು ಎಲ್ಲಿರುತ್ತಾನೆಂದು ತಿಳಿದು, ಐದು ಮಾರು ದೂರಕ್ಕೆ ಮೆತ್ತಗೆ ಚೆಂಡು ತಳ್ಳುವ ಧೈರ್ಯ ಭಾಷಣದಿಂದ ಬರುವುದಿಲ್ಲ. ಒಂದೇ ಮೈದಾನದಲ್ಲಿ, ಅದೇ ಜೊತೆಗಾರರೊಂದಿಗೆ, ಸಾವಿರ ಸಂಜೆ ಆಡಿದ್ದರೆ ಮಾತ್ರ ಬರುತ್ತದೆ. ಅಲ್ಲಿ ಪದವಿ ನಾಲ್ಕು ವರ್ಷದ್ದು. ನಾಲ್ಕನೆಯ ವರ್ಷದವನು ಮೊದಲನೆಯ ವರ್ಷದವನಿಗೆ ಹೇಳಿಕೊಡುತ್ತಾನೆ, ಅವನು ಮುಂದೆ ಇನ್ನೊಬ್ಬನಿಗೆ. ಹೀಗೆ 21 ವರ್ಷ ಹಾದುಬಂದದ್ದು ಅಂದು ಬರ್ಕ್ಲಿಯಲ್ಲಿ ಆ ಒಂದು ಗೋಲಿನ ಮುನ್ನಡೆಯನ್ನು ಕಾಯಿತೆಂದು ನಾನು ದೃಢವಾಗಿ ನಂಬಿದ್ದೇನೆ. ಆ ವರ್ಷದ ಹರ್ಮನ್ ಟ್ರೋಫಿಯೂ ಹಾರ್ಟ್‌ವಿಕ್‌ಗೇ ಬಂದಿತು. ಪಡೆದವರು ಬಿಲ್ಲಿ ಗಜೋನಸ್, ಮಯರ್ನಿಕ್ ಅವರ ಹಾಗೆಯೇ ನ್ಯೂಜೆರ್ಸಿಯ ಹುಡುಗ, ಎತ್ತರದಲ್ಲಿ ಚಿಕ್ಕವರು.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಕೆಲಸ ಮಾಡಿದ ಕಾಲೇಜೊಂದರಲ್ಲಿ ಫುಟ್‌ಬಾಲ್ ತಂಡವಿತ್ತು. ಅಂತರ ಕಾಲೇಜು ಪಂದ್ಯಾವಳಿಯ ಸುತ್ತೋಲೆ ಬಂದ ದಿನ ಆ ತಂಡ ಹುಟ್ಟುತ್ತಿತ್ತು, ಸೋತು ಬಂದ ದಿನ ಮುಗಿಯುತ್ತಿತ್ತು. ಚೆಂಡು ಇದ್ದ ಕಪಾಟಿನ ಕೀಲಿ ಕಚೇರಿಯಲ್ಲಿ, ಕಚೇರಿ ಸಂಜೆ ಐದಕ್ಕೆ ಬಂದ್, ಹುಡುಗರಿಗೆ ತರಗತಿ ಬಿಡುವುದು ನಾಲ್ಕೂವರೆಗೆ. ಒಮ್ಮೆ ಪಂದ್ಯಕ್ಕೆ ಹೊರಡುವ ಮುನ್ನಾದಿನ ಕೀಲಿ ತರಿಸಿ ನೋಡಿದರೆ, ಒಂದು ಚೆಂಡಿನ ಬ್ಲಾಡರ್ ಒಣಗಿ ಬಿರುಕು ಬಿಟ್ಟಿತ್ತು, ಇನ್ನೊಂದರ ಹೊಲಿಗೆ ಬಿಚ್ಚಿತ್ತು. ಬಸ್ ನಿಲ್ದಾಣದ ಪಕ್ಕದಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ರಾತ್ರಿ ಎಂಟು ಗಂಟೆಗೆ, ಅಂಗಡಿ ಮುಚ್ಚುವ ಹೊತ್ತಿನಲ್ಲಿ, ಮೇಣ ಹಚ್ಚಿದ ದಾರದಿಂದ ಅದನ್ನು ಹೊಲಿದುಕೊಟ್ಟರು. ಹಣ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಮರುದಿನ ನಮ್ಮ ಹುಡುಗರು ಮೊದಲ ಸುತ್ತಿನಲ್ಲೇ ಸೋತರು. ಅವರಲ್ಲಿ ಪ್ರತಿಭೆಯಿರಲಿಲ್ಲವೆಂದು ವರದಿ ಬರೆಯಲಾಯಿತು. ಪ್ರತಿಭೆಯಿತ್ತು, ನಾನು ಬಲ್ಲೆ. ಇಲ್ಲದಿದ್ದದ್ದು ಸಂಜೆ ನಾಲ್ಕೂವರೆಯ ನಂತರದ ಕೀಲಿ. ಪ್ರವೇಶದ ವೇಳೆ ಪ್ರತಿ ವಿದ್ಯಾರ್ಥಿಯಿಂದಲೂ ಕ್ರೀಡಾ ಶುಲ್ಕ ಪಡೆಯುವ ಪ್ರಾಂಶುಪಾಲರಲ್ಲಿ ನನ್ನದೊಂದು ವಿನಂತಿ: ಹತ್ತು ಆಟಗಳ ಹತ್ತು ತಂಡಗಳನ್ನು ಕಾಗದದ ಮೇಲೆ ಬರೆಯಬೇಡಿ, ನಿಮ್ಮ ಊರಿಗೆ ಒಗ್ಗುವ ಒಂದೇ ಆಟವನ್ನು ಹಿಡಿಯಿರಿ, ಅದನ್ನು ಬಿಡಬೇಡಿ.

ನನಗೆ ಕೊಟ್ಟ ಸಮಯದಲ್ಲಿ ಹೆಚ್ಚಿನ ಭಾಗ ಆ ಒಂದು ಪಂದ್ಯಕ್ಕೇ ಹೋಯಿತು, ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. 1977ರ ನಂತರ ಹಾರ್ಟ್‌ವಿಕ್ 1980, 1984 ಮತ್ತು 1985ರಲ್ಲೂ ಕೊನೆಯ ನಾಲ್ಕರ ಹಂತಕ್ಕೆ ಬಂದಿತು. ಒಟ್ಟು ಏಳು ಬಾರಿ. ಲೆನಾಕ್ಸ್ ಅವರು ಕಾಲು ಶತಮಾನಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದರು. ಅದೇ ಊರಿನಲ್ಲಿ ಓನಿಯಾಂಟಾ ಸ್ಟೇಟ್ ಎಂಬ ಸರ್ಕಾರಿ ಕಾಲೇಜೂ ಇದೆ, ಅದರ ಫರೂಖ್ ಕುರೇಶಿ 1974ರ ಹರ್ಮನ್ ಟ್ರೋಫಿ ಪಡೆದವರು. ಅಂದರೆ 1974ರಿಂದ 1977ರವರೆಗಿನ ನಾಲ್ಕು ವರ್ಷಗಳಲ್ಲಿ ಮೂರು ಬಾರಿ ಇಡೀ ಅಮೆರಿಕದ ಅತ್ಯುತ್ತಮ ಕಾಲೇಜು ಆಟಗಾರ ಈ ಒಂದು ಸಣ್ಣ ಊರಿನಲ್ಲಿ ಓದುತ್ತಿದ್ದವನು. ಮಯರ್ನಿಕ್ ಮುಂದೆ ರಾಷ್ಟ್ರೀಯ ತಂಡದ ಸಹಾಯಕ ತರಬೇತುದಾರರಾದರು, 2006ರಲ್ಲಿ ಐವತ್ತೊಂದರ ವಯಸ್ಸಿಗೇ ತೀರಿಕೊಂಡರು. ಹಾರ್ಟ್‌ವಿಕ್‌ನಲ್ಲಿ ಓದಿದ ಫ್ರಾನ್ಸಿಸ್ಕೊ ಮಾರ್ಕೋಸ್ 1986ರಲ್ಲಿ ಆರಂಭಿಸಿದ ಪುಟ್ಟ ಲೀಗ್ ಇಂದು ದೇಶದಾದ್ಯಂತ ಹರಡಿದೆ. ಅಮೆರಿಕದ ಫುಟ್‌ಬಾಲ್ ಗೌರವ ಮಂದಿರ ಸ್ಥಾಪನೆಯಾದದ್ದೂ ಓನಿಯಾಂಟಾದಲ್ಲೇ, 1979ರಲ್ಲಿ. 1999ರಲ್ಲಿ ಅದಕ್ಕೊಂದು ದೊಡ್ಡ ವಸ್ತುಸಂಗ್ರಹಾಲಯ ತೆರೆಯಿತು, ಹಣದ ಅಡಚಣೆಯಿಂದ 2010ರಲ್ಲಿ ಮುಚ್ಚಿತು, ಈಗ ಅದು ಟೆಕ್ಸಾಸ್‌ನಲ್ಲಿದೆ. 2018ರಲ್ಲಿ ಕಾಲೇಜು ತನ್ನ ಪುರುಷರ ತಂಡವನ್ನು ಮೊದಲ ದರ್ಜೆಯಿಂದ ಮೂರನೆಯ ದರ್ಜೆಗೆ ಇಳಿಸುವುದಾಗಿ ಪ್ರಕಟಿಸಿತು. ಮೂರನೆಯ ದರ್ಜೆಯಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವಿಲ್ಲ. ಆಡುವವರು ಆಟದ ಮೇಲಿನ ಪ್ರೀತಿಗೆ ಆಡುತ್ತಾರೆ.

ನಿವೃತ್ತಿಯ ನಂತರ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋದಾಗ, ಅವಳನ್ನು ಒಪ್ಪಿಸಿ ಒಂದು ಅಕ್ಟೋಬರ್ ಸಂಜೆ ನಾನು ಆ ಗುಡ್ಡವನ್ನು ಹತ್ತಿದೆ. ಕಾಲೇಜು ಇಳಿಜಾರಿನ ಮೇಲಿದೆ, ಮೈದಾನ ಅದಕ್ಕೂ ಮೇಲೆ. ನಿಂತು ನೋಡಿದರೆ ಕೆಳಗೆ ಊರಿನ ಚಾವಣಿಗಳು, ಅದರಾಚೆ ನದಿಯ ಕಣಿವೆ, ಸುತ್ತ ಕೆಂಪಾದ ಮೇಪಲ್ ಮರಗಳು. ಅಭ್ಯಾಸ ಮುಗಿಯುವ ಹೊತ್ತು. ತರಬೇತುದಾರರು ಹುಡುಗರನ್ನು ಸಾಲಾಗಿ ನಿಲ್ಲಿಸಿ ಚೆಂಡುಗಳನ್ನು ಬಲೆಯ ಚೀಲಕ್ಕೆ ಹಾಕಿಸುತ್ತ ಎಣಿಸುತ್ತಿದ್ದರು. ಒಂದು ಕಡಿಮೆ ಬಂದಿತು. ಯಾರೂ ಗೊಣಗಲಿಲ್ಲ, ಇಬ್ಬರು ಇಳಿಜಾರಿನ ಪೊದೆಗಳೊಳಗೆ ಇಳಿದರು, ಕತ್ತಲಾಗುತ್ತ ಬಂದರೂ ಮಿಕ್ಕವರು ಕದಲದೆ ನಿಂತರು. ಹತ್ತು ನಿಮಿಷದ ಮೇಲೆ ಕೆಳಗಿನಿಂದ ಒಂದು ಕೂಗು ಕೇಳಿಸಿತು, ಒದ್ದ ಚೆಂಡು ಮರಗಳ ಮೇಲಿಂದ ಹಾರಿ ಬಂದು ಮೈದಾನದಲ್ಲಿ ಬಿದ್ದಿತು. ಅದನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಬಿಗಿದು, ಎಲ್ಲರೂ ಒಟ್ಟಿಗೆ ಗುಡ್ಡ ಇಳಿದರು.

ನಮಸ್ಕಾರ.