ಎಡಗೈಯ ಗೆರೆ, ಬಲಗೈಯ ಗೆರೆ

ಇದು ಚಿತ್ರ ಬರೆಯುವ ಇದ್ದಿಲು ಕಡ್ಡಿ. ಪೆಟ್ಟಿಗೆಗೆ 340 ರೂಪಾಯಿ ಕೊಟ್ಟಿದ್ದೇನೆ. ಹತ್ತರಲ್ಲಿ ಏಳು ಮುರಿದೇ ಬಂದಿವೆ. ಒಳಗೆ ಒಂದು ಚೂರು ಹತ್ತಿ ಇಲ್ಲ, ಸುತ್ತಲು ಹಳೆಯ ಪೇಪರೂ ಇಲ್ಲ. ಅಂಗಡಿಗೆ ಫೋನ್ ಮಾಡಿದರೆ ‘ತೆರೆದ ಪೆಟ್ಟಿಗೆ ವಾಪಸು ತೆಗೆದುಕೊಳ್ಳುವುದಿಲ್ಲ’ ಎನ್ನುತ್ತಾರೆ. ತೆರೆಯದೆ ಮುರಿದಿರುವುದು ಗೊತ್ತಾಗುವುದು ಹೇಗೆ? ಎರಡು ಸಲ ಕೇಳಿದೆ, ಎರಡು ಸಲವೂ ಅದೇ ಉತ್ತರ. ಇಂಥ ಪುಡಿಪುಡಿಯಾಗುವ ವಸ್ತುವಿನಿಂದ ಬರೆದ ‘ಬೆತ್ತಲೆ ಮೋನಾ ಲೀಸಾ’ ಎಂಬ ಚಿತ್ರ ಸುಮಾರು ಐನೂರು ವರ್ಷ ಬಾಳಿ, ಈಗ ಫ್ರಾನ್ಸಿನ ಶಾಂಟಿಯಿ ಊರಿನ ಕೋಂದೆ ಸಂಗ್ರಹಾಲಯದಲ್ಲಿದೆ. ಕೋಪದ ನಡುವೆಯೂ ಅದನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಮೋನಾ ಲೀಸಾಳಂತೆಯೇ ಕೈಯ ಮೇಲೆ ಕೈಯಿಟ್ಟು ಕುಳಿತ ಹೆಂಗಸು, ಮೈಮೇಲೆ ಮಾತ್ರ ಬಟ್ಟೆಯಿಲ್ಲ. 1862ರಲ್ಲಿ ಓಮಾಲ್‌ನ ಡ್ಯೂಕ್ ಎಂಬ ಫ್ರೆಂಚ್ ರಾಜಮನೆತನದವನು ಇದನ್ನು ಮೋನಾ ಲೀಸಾ ಬರೆದ ಲಿಯೊನಾರ್ಡೊ ಡ ವಿಂಚಿಯದೆಂದೇ ಕೊಂಡ. ಆಮೇಲೆ ಶಿಷ್ಯರ ಕೆಲಸ ಎಂದು ಬದಿಗೆ ಸರಿಸಿದರು. 2017ರಲ್ಲಿ ಯಾರ ಕೈಯೆಂದು ಪರೀಕ್ಷಿಸಲು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ ಪ್ರಯೋಗಾಲಯಕ್ಕೆ ಒಯ್ದರು.

ಈಗ ಅಕ್ಕನ ಮಗಳ ಕೈ ನೋಡಿ. ಅವಳು ಎಡಚಿ. ಚಿತ್ರದಲ್ಲಿ ನೆರಳು ತೋರಿಸಲು ಅವಳು ಎಳೆಯುವ ಓರೆ ಗೆರೆ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಇಳಿಯುತ್ತದೆ. ನನ್ನದು ತಿರುಗಾಮುರುಗಾ. ಲಿಯೊನಾರ್ಡೊ ಕೂಡ ಎಡಚ. ಆ ಚಿತ್ರದ ತಲೆಯ ಬಳಿ ಬಲಗೈಯ ಗೆರೆ ಕಂಡಿತೆಂದು ಓದಿದ ದಿನ ‘ಮುಗಿಯಿತು, ಇದು ಶಿಷ್ಯನದು’ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಮುಂದಿನ ಪರೀಕ್ಷೆಗಳಲ್ಲಿ ಎಡಗೈಯ ಇದ್ದಿಲು ಗೆರೆಗಳೂ ಸಿಕ್ಕವು! ಬಲಗೈಯದು ಯಾರೋ ಆಮೇಲೆ ತಿದ್ದಿದ್ದು ಎಂದು ಈಗ ನನ್ನ ವಾದ. ಗುರುವಿನ ಕೈಯೇ ಎಂದು ಆಣೆ ಇಡಲಾರೆ, ಆದರೆ ಬರೀ ನಕಲು ಎಂದರೆ ಒಪ್ಪುವುದಿಲ್ಲ.

ಒಪ್ಪದಿರಲು ಇನ್ನೊಂದು ಕಾರಣ ಸೂಜಿಯ ತೂತುಗಳು. ಅಲ್ಲಿ ಗೆರೆಯುದ್ದಕ್ಕೂ ಚುಚ್ಚಿದ್ದಾರೆ. ನಮ್ಮ ಚಿಕ್ಕಮ್ಮ ರವಿಕೆಗೆ ಆರಿ ಕಸೂತಿ ಹಾಕುವಾಗ ಮಾಡುವುದೂ ಇದನ್ನೇ: ಟ್ರೇಸಿಂಗ್ ಹಾಳೆಗೆ ತೂತು, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿ, ಒಂದು ಸಲ ಬಟ್ಟೆಯಿಂದ ಉಜ್ಜಿದರೆ ನವಿಲು ಪೂರ್ತಿ ಕೆಳಗೆ ಮೂಡಿರುತ್ತದೆ. ಮದುವೆಯ ಕಾಲದಲ್ಲಿ ಮನೆಯೆಲ್ಲ ಸೀಮೆಎಣ್ಣೆಯ ವಾಸನೆ, ಊಟಕ್ಕೆ ಕುಳಿತರೂ ಅದೇ. ಇರಲಿ. ಆ ಚಿತ್ರದಿಂದಲೂ ಹೀಗೆಯೇ ಬಣ್ಣದ ಚಿತ್ರಕ್ಕೆ ರೂಪ ಇಳಿಸಲು ಹೊರಟಿದ್ದರು. ಅದು ಗೋಡೆಗೆ ತೂಗುಹಾಕಲು ಬರೆದದ್ದಲ್ಲ, ಚಿತ್ರಶಾಲೆಯಲ್ಲಿ ರೂಪ ಇಳಿಸಲು ಮಾಡಿಕೊಂಡ ಕೆಲಸದ ಹಾಳೆ. ಬೆತ್ತಲೆ ಮೋನಾ ಲೀಸಾಳ ಚಿತ್ರಗಳು ಸುಮಾರು ಇಪ್ಪತ್ತು ಉಳಿದಿವೆ.

ಅಯ್ಯೋ, ಎಂಟನೆಯ ಕಡ್ಡಿಯೂ ಮುರಿಯಿತು. ಉಳಿದ ಎರಡರಲ್ಲಿ ಮುಖ ಮುಗಿಸಬೇಕು. ಸೂಜಿ ತಂದೆ, ಚುಚ್ಚಲು ಶುರು ಮಾಡುತ್ತೇನೆ.