ಬೊಂಡಾಸ್ ನರ, ಎಚ್-ಇಂಡೆಕ್ಸ್ ಮತ್ತು ನಿಮ್ಮ ಪಿಎಚ್‌ಡಿ ಗೈಡ್

(ದೃಶ್ಯ: ಕಾರವಾರದ ಬೈತಖೋಲ್ ಬಂದರು. ಬುಟ್ಟಿ ತುಂಬ ಬೊಂಡಾಸ್.)

ನಮಸ್ಕಾರ. ಶಿರಸಿ, ಕುಮಟಾ, ಕಾರವಾರದಿಂದ ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ಹೊರಟವರು ತುಂಬಾ ಜನ ಒಂದೇ ಪ್ರಶ್ನೆ ಕೇಳುತ್ತಾರೆ. "ನ್ಯೂರೋಸೈನ್ಸ್‌ನಲ್ಲಿ ಒಬ್ಬರು ಗೈಡ್ ಸಿಕ್ಕಿದ್ದಾರೆ, ಎಚ್-ಇಂಡೆಕ್ಸ್ ಇಷ್ಟಿದೆ, ಸೇರಬಹುದಾ?" ಎಚ್-ಇಂಡೆಕ್ಸ್ ಅಂದರೆ ಸಂಶೋಧಕರ ಪೇಪರ್‌ಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಅಂತ ಎಣಿಸಿ ಕೊಡುವ ಅಂಕ. ಇವತ್ತು ಆ ಸಂಖ್ಯೆಯನ್ನೇ ಬಿಡಿಸಿ ನೋಡೋಣ.

ಮೊದಲು ಈ ಬೊಂಡಾಸ್, ಅಂದರೆ ಸ್ಕ್ವಿಡ್, ನೋಡಿ. ಇದರ ಮೈಯಲ್ಲಿ ಬರಿಗಣ್ಣಿಗೇ ಕಾಣುವಷ್ಟು ದಪ್ಪದ ನರತಂತು ಇರುತ್ತದೆ. ಇಂಗ್ಲೆಂಡಿನ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ತಮ್ಮ ಕಡಲಿನ ಬೊಂಡಾಸ್ ತಂದು, ಆ ತಂತುವಿನೊಳಗೆ ಸಣ್ಣ ವಿದ್ಯುತ್ ತಂತಿ ತೂರಿಸಿದರು. ಸೋಡಿಯಂ ಒಳಗೆ ನುಗ್ಗುತ್ತದೆ, ಆಮೇಲೆ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ನರದಲ್ಲಿ ಸಂಕೇತ ಹರಿಯುವುದು ಹೀಗೆ ಅಂತ ಅಳೆದು ತೋರಿಸಿದರು. ಲೆಕ್ಕಕ್ಕೆ ಕಂಪ್ಯೂಟರ್ ಸಿಗದೆ, ಹಕ್ಸ್‌ಲಿ ಕೈಯಿಂದ ತಿರುಗಿಸುವ ಯಂತ್ರದಲ್ಲೇ ಸಮೀಕರಣ ಬಿಡಿಸಿದರು. 1952ರಲ್ಲಿ ಐದು ಪೇಪರ್ ಬಂತು. 1963ರಲ್ಲಿ ನೊಬೆಲ್. ಇವತ್ತಿಗೂ ಆ ಪೇಪರ್‌ಗಳಿಗೆ ಸೈಟೇಶನ್, ಅಂದರೆ ಬೇರೆಯವರ ಪೇಪರ್‌ಗಳಲ್ಲಿ ಉಲ್ಲೇಖ, ಬರುತ್ತಲೇ ಇದೆ.

(ಪರದೆಯ ಮೇಲೆ: 40, 18, 9, 6, 5, 3)

ಈಗ ಎಚ್-ಇಂಡೆಕ್ಸ್. ಹರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಮುಂದಿಟ್ಟ ಲೆಕ್ಕ ಇದು. ಒಬ್ಬರ ಆರು ಪೇಪರ್‌ಗಳಿಗೆ ಇಷ್ಟಿಷ್ಟು ಸೈಟೇಶನ್ ಇವೆ ಅಂತ ಇಟ್ಟುಕೊಳ್ಳಿ. ದೊಡ್ಡದರಿಂದ ಎಣಿಸುತ್ತಾ ಬನ್ನಿ. ಎಷ್ಟನೇ ಪೇಪರೋ, ಅದಕ್ಕೆ ಕನಿಷ್ಠ ಅಷ್ಟು ಸೈಟೇಶನ್ ಇರಬೇಕು. ಐದನೇ ಪೇಪರಿಗೆ 5 ಇದೆ, ಸರಿ. ಆರನೆಯದಕ್ಕೆ ಕನಿಷ್ಠ 6 ಬೇಕಿತ್ತು, ಇರುವುದು 3. ಅಲ್ಲಿಗೆ ನಿಂತಿತು. ಎಚ್-ಇಂಡೆಕ್ಸ್ 5.

ಹಾಗಾದರೆ ಯಾರಾದರೂ ಜೀವನದಲ್ಲಿ ಆ 1952ರ ಐದೇ ಪೇಪರ್ ಬರೆದಿದ್ದರೆ? ಸಾವಿರಾರು ಸೈಟೇಶನ್ ಬಂದರೂ ಅವರ ಎಚ್-ಇಂಡೆಕ್ಸ್ 5 ದಾಟುತ್ತಿರಲಿಲ್ಲ! ನರವಿಜ್ಞಾನದ ತಳಪಾಯ ಹಾಕಿದ ಕೆಲಸಕ್ಕೆ ಸಿಗುವ ಅಂಕ ಅಷ್ಟೇ.

ಹಾಗಂತ ಒಟ್ಟು ಸೈಟೇಶನ್ ನೋಡಿದರೆ ಸಾಕು ಅಂತಲೂ ಅಲ್ಲ. ಮೆದುಳಿನ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು ಆಲಿವರ್ ಲೌರಿ. ಅವರು 1951ರಲ್ಲಿ ಪ್ರೋಟೀನ್ ಪ್ರಮಾಣ ಅಳೆಯುವ ವಿಧಾನ ಬರೆದರು. ಅದಕ್ಕೆ ಮೂರು ಲಕ್ಷಕ್ಕೂ ಜಾಸ್ತಿ ಸೈಟೇಶನ್. ಅದರಲ್ಲಿ ಮೆದುಳಿನ ಬಗ್ಗೆ ಹೊಸ ಸಿದ್ಧಾಂತ ಏನೂ ಇಲ್ಲ. ಆದರೆ ಪ್ರೋಟೀನ್ ಅಳೆಯುವ ಲ್ಯಾಬ್‌ಗಳಿಗೆಲ್ಲ ಅದು ಬೇಕಾಯಿತು. ಸೈಟೇಶನ್ ಹೇಳುವುದು ಎಷ್ಟು ಜನಕ್ಕೆ ಉಪಯೋಗಕ್ಕೆ ಬಂತು ಎಂಬುದನ್ನು ಮಾತ್ರ.

ಯಾರಿಗೆ ಉಪಯೋಗಕ್ಕೆ ಬಂತು ಅನ್ನುವುದು ನನಗೆ ಇನ್ನೂ ಮುಖ್ಯ. ಸಿದ್ದಾಪುರದ ಕಡೆಯವರಿಗೆ ಮಂಗನ ಕಾಯಿಲೆ ಗೊತ್ತಲ್ವಾ? 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ. ಉಣುಗು ಕಚ್ಚಿ ಬರುತ್ತದೆ. ಕೆಲವರಿಗೆ ಜ್ವರ ಬಿಟ್ಟು, ಮತ್ತೆ ಮರುಕಳಿಸಿದಾಗ ಮೆದುಳಿಗೂ ತೊಂದರೆ ಆಗುತ್ತದೆ. ತೀವ್ರ ತಲೆನೋವು, ನಡುಕ, ಗೊಂದಲ. ಈ ರೋಗದ ಸಂಶೋಧನೆ ಓದಿ ತಮ್ಮ ಪೇಪರಿನಲ್ಲಿ ಉಲ್ಲೇಖಿಸುವ ಲ್ಯಾಬ್‌ಗಳು ಜಗತ್ತಿನಲ್ಲಿ ಕಡಿಮೆ, ಯಾಕೆಂದರೆ ರೋಗ ಇರುವುದೇ ಪಶ್ಚಿಮ ಘಟ್ಟದ ಆಸುಪಾಸಿನಲ್ಲಿ. ಅಲ್ಜೈಮರ್ಸ್ ಎಂಬ ಮರೆವಿನ ಕಾಯಿಲೆಯ ಮೇಲೆ ಕೆಲಸ ಮಾಡುವವರ ಸಂಖ್ಯೆ ಪಕ್ಕದಲ್ಲಿ ಇಟ್ಟರೆ ಇದು ಸಣ್ಣದಾಗಿಯೇ ಕಾಣುತ್ತದೆ. ಆದರೆ ಬೇಸಿಗೆಯಲ್ಲಿ ದರಕು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರಿಗೆ ಇದರಷ್ಟು ಬೇಕಾದ ಸಂಶೋಧನೆ ಇನ್ನೊಂದಿಲ್ಲ. ಸುಮ್ನೆ ಎರಡು ಸಂಖ್ಯೆ ಹೋಲಿಸಿ ತೀರ್ಪು ಕೊಡುವುದನ್ನು ನಾನು ಒಪ್ಪುವುದೇ ಇಲ್ಲ.

(ದೃಶ್ಯ: ಲ್ಯಾಪ್‌ಟಾಪ್ ಪರದೆ.)

ಹಾಗಾದರೆ ಗೈಡ್ ಪ್ರೊಫೈಲ್ ನೋಡುವುದು ಹೇಗೆ? ಪೇಪರ್, ಸೈಟೇಶನ್ ಎಣಿಸಿ ತೋರಿಸುವ ಗೂಗಲ್ ಸ್ಕಾಲರ್ ತಾಣ ತೆರೆಯಿರಿ. ಸ್ಕೋಪಸ್ ಎಂಬ ಅಂಥದ್ದೇ ಇನ್ನೊಂದು ತಾಣದಲ್ಲಿ ಅದೇ ವ್ಯಕ್ತಿಗೆ ಸಾಮಾನ್ಯವಾಗಿ ಕಡಿಮೆ ಅಂಕ ತೋರಿಸುತ್ತದೆ, ಗಾಬರಿ ಬೇಡ, ಅಲ್ಲಿ ಎಣಿಸುವ ಪಟ್ಟಿಯೇ ಬೇರೆ. ಪೇಪರ್‌ಗಳನ್ನು ವರ್ಷದ ಪ್ರಕಾರ ಜೋಡಿಸಿ. ಎಚ್-ಇಂಡೆಕ್ಸ್ ಯಾವತ್ತೂ ಇಳಿಯುವುದಿಲ್ಲ, ಹಾಗಾಗಿ ಹತ್ತು ವರ್ಷದಿಂದ ಕೆಲಸ ನಿಂತಿದ್ದರೂ ಅದು ಹಾಗೇ ಮಿಂಚುತ್ತಿರುತ್ತದೆ. ಇತ್ತೀಚಿನ ಒಂದು ಪೇಪರ್ ಪೂರ್ತಿ ಓದಿ. ಆಮೇಲೆ ಲೇಖಕರ ಸಾಲು ನೋಡಿ. ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಕೊನೆಯ ಹೆಸರು ಲ್ಯಾಬ್ ಮುಖ್ಯಸ್ಥರದ್ದು, ಮೊದಲನೆಯದು ಹೆಚ್ಚಿನ ಕೆಲಸ ಮಾಡಿದ ವಿದ್ಯಾರ್ಥಿಯದ್ದು. ಆ ಮೊದಲ ಹೆಸರುಗಳನ್ನು ಬರೆದಿಟ್ಟುಕೊಂಡು, ಅವರು ಈಗ ಎಲ್ಲಿದ್ದಾರೆ ಅಂತ ಹುಡುಕಿ. ಸಿಕ್ಕಿದವರಿಗೆ ಒಂದು ಮೇಲ್ ಹಾಕಿ: ಪ್ರಯೋಗ ಕೈಕೊಟ್ಟ ತಿಂಗಳುಗಳಲ್ಲಿ ಗೈಡ್ ನಿಮ್ಮ ಜೊತೆ ಹೇಗಿದ್ದರು ಅಂತ ಕೇಳಿ.