ವಠಾರದಿಂದ 110 ಮಹಡಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನ ಅವಳಿ ಗೋಪುರಗಳನ್ನು ಉರುಳಿಸಿದವರ ಬಗ್ಗೆ ನಾವು ಬೇಕಾದಷ್ಟು ಓದಿದ್ದೇವೆ. ಅವುಗಳನ್ನು ಎಬ್ಬಿಸಿ ನಿಲ್ಲಿಸಿದವರ ಬಗ್ಗೆ ಕೇಳಿರುವುದು ಕಡಿಮೆ. ಆ ಕಾಮಗಾರಿಯ ಹೊಣೆ ಹೊತ್ತದ್ದು ಟಿಶ್‌ಮನ್ ಎಂಬ ಯೆಹೂದಿ ಮನೆತನದ ಸಂಸ್ಥೆ.

ಈ ಮನೆತನದ ಹಿರಿಯ ಜೂಲಿಯಸ್ ಟಿಶ್‌ಮನ್ ಅಮೆರಿಕಕ್ಕೆ ಬಂದದ್ದು 1885ರಲ್ಲಿ. 1881ರಲ್ಲಿ ರಷ್ಯಾದ ಚಕ್ರವರ್ತಿಯ ಹತ್ಯೆಯಾದ ಮೇಲೆ ಅಲ್ಲಿನ ಯೆಹೂದಿಗಳ ಮೇಲೆ ದಾಳಿಗಳು ನಡೆದವು, ಬದುಕನ್ನು ಬಿಗಿಯುವ ಕಾನೂನುಗಳು ಬಂದವು; ಲಕ್ಷಗಟ್ಟಲೆ ಜನ ಹಡಗು ಹತ್ತಿದರು. ಹಾಗೆ ಬಂದವರು ಬಂದಿಳಿದು ಕಿಕ್ಕಿರಿದದ್ದು ಮ್ಯಾನ್‌ಹಟನ್‌ನ ಲೋಯರ್ ಈಸ್ಟ್ ಸೈಡ್‌ನಲ್ಲಿ. 1898ರಲ್ಲಿ ಜೂಲಿಯಸ್ ಅಲ್ಲಿಯೇ ವಠಾರಗಳನ್ನು ಕಟ್ಟಲು ಕೈಹಾಕಿದ. 1901ರಲ್ಲಿ ನ್ಯೂಯಾರ್ಕ್ ರಾಜ್ಯ ಹೊಸ ಕಾಯ್ದೆ ತಂದು, ಇನ್ನು ಮುಂದೆ ಕಟ್ಟುವ ವಠಾರಗಳಲ್ಲಿ ಗಾಳಿ ಬೆಳಕು ಇರಲೇಬೇಕು, ಪ್ರತಿ ಮನೆಗೂ ಅದರದೇ ಶೌಚಾಲಯ ಬೇಕು ಎಂದಿತು. ಅಂದರೆ ಅಲ್ಲಿಯವರೆಗಿನ ವಠಾರಗಳು ಹೇಗಿದ್ದವು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಈ ಕುಟುಂಬ ಕಟ್ಟಿದ ಕಟ್ಟಡವನ್ನು ತಾನೇ ಇಟ್ಟುಕೊಳ್ಳುತ್ತಿತ್ತು, ಬಾಡಿಗೆಯನ್ನೂ ತಾನೇ ವಸೂಲು ಮಾಡುತ್ತಿತ್ತು. ಕೊಳಾಯಿ ಸೋರಿದರೆ, ಛಾವಣಿ ಒಸರಿದರೆ ದೂರು ಬರುವುದು ಕಟ್ಟಿದವನ ಬಾಗಿಲಿಗೇ. ಮುಂದಿನದನ್ನೆಲ್ಲ ಅರ್ಥಮಾಡಿಕೊಳ್ಳಲು ಈ ಒಂದು ಸಂಗತಿ ಸಾಕೆಂದು ನನಗೆ ಅನಿಸುತ್ತದೆ.

ಮಕ್ಕಳ ಕಾಲಕ್ಕೆ ವ್ಯವಹಾರ ಪಾರ್ಕ್ ಅವೆನ್ಯೂದ ಸಿರಿವಂತರ ಮನೆಗಳಿಗೆ ಏರಿತು. 1928ರಲ್ಲಿ ಕಂಪನಿಯ ಷೇರುಗಳು ಪೇಟೆಗೆ ಬಂದವು. ಮೊಮ್ಮಗ ಜಾನ್ ಟಿಶ್‌ಮನ್ ಹುಟ್ಟಿದ್ದು 1926ರಲ್ಲಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದಿ, ನೌಕಾಪಡೆಯಲ್ಲಿದ್ದು, ಕೆಲಕಾಲ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು, ಬಳಿಕ ಮನೆಯ ಕಸುಬಿಗೆ ಬಂದವರು ಇವರು.

ಆಗಿನ ರೂಢಿಯೆಂದರೆ, ವಾಸ್ತುಶಿಲ್ಪಿ ನಕ್ಷೆ ಮುಗಿಸಬೇಕು, ಟೆಂಡರ್ ಕರೆಯಬೇಕು, ಕಡಿಮೆ ಮೊತ್ತ ಬರೆದ ಗುತ್ತಿಗೆದಾರನಿಗೆ ಕೆಲಸ ಕೊಡಬೇಕು. ನಕ್ಷೆಯಲ್ಲಿ ಕಟ್ಟಲಾಗದ್ದೇನಾದರೂ ಇದ್ದರೆ ಅದು ಗೊತ್ತಾಗುವುದು ಪಾಯ ತೋಡಿದ ಮೇಲೆ. ಮದುವೆಯಲ್ಲಿ ಎಲೆ ಹಾಕಿ ಜನರನ್ನು ಕೂರಿಸಿದ ಮೇಲೆ ಅಡುಗೆಯವರನ್ನು ಕರೆಸಿದಂತೆ! ಜಾನ್ ಇದನ್ನು ತಿರುಗಿಸಿದರು. ಕಟ್ಟುವವನು ಮೊದಲ ದಿನದಿಂದಲೇ ವಾಸ್ತುಶಿಲ್ಪಿಯ, ಎಂಜಿನಿಯರನ ಪಕ್ಕದಲ್ಲಿ ಕುಳಿತಿರಬೇಕು. ಗೊತ್ತಾದ ಶುಲ್ಕ ಪಡೆದು ಮಾಲೀಕನ ಪರವಾಗಿ ದರ, ಸಾಮಗ್ರಿ, ವೇಳೆ ಎಲ್ಲವನ್ನೂ ನೋಡಿಕೊಳ್ಳಬೇಕು. ನಿರ್ಮಾಣ ನಿರ್ವಹಣೆ ಎಂದು ಇಂದು ಕಾಲೇಜುಗಳಲ್ಲಿ ಕಲಿಸುವ ಈ ಪದ್ಧತಿ ಬೆಳೆದು ಬಲಿತದ್ದರಲ್ಲಿ ಅವರ ಪಾಲು ದೊಡ್ಡದು. ತನ್ನದೇ ಹಣದಲ್ಲಿ ಕಟ್ಟಿ, ತನ್ನದೇ ಕಟ್ಟಡದ ಸೋರಿಕೆ ಕಂಡಿದ್ದ ಮನೆಗೆ ಈ ಯೋಚನೆ ಹೊಳೆದದ್ದರಲ್ಲಿ ಆಶ್ಚರ್ಯವೇನಿಲ್ಲ.

ಷಿಕಾಗೋದ 100 ಮಹಡಿಗಳ ಜಾನ್ ಹ್ಯಾಂಕಾಕ್ ಸೆಂಟರ್ ಅವರ ಕೈಕೆಳಗೆ ಎದ್ದಿತು. ಅದರ ರಚನೆಯ ಎಂಜಿನಿಯರ್, ಢಾಕಾ ಮೂಲದ ಫಜಲುರ್ ರೆಹಮಾನ್ ಖಾನ್. ಇಪ್ಪತ್ತು ಮಹಡಿ ಏಳುವಷ್ಟರಲ್ಲಿ ಅಡಿಪಾಯದ ಕಾಂಕ್ರೀಟಿನಲ್ಲಿ ದೋಷ ಕಂಡು ಕೆಲಸ ನಿಂತಿತು. ತಪಾಸಣೆ, ದುರಸ್ತಿ ಮುಗಿಯದೆ ಮೇಲೇರುವಂತಿರಲಿಲ್ಲ.

ಅತ್ತ ನ್ಯೂಯಾರ್ಕಿನಲ್ಲಿ ತಲಾ 110 ಮಹಡಿಗಳ ಎರಡು ಗೋಪುರಗಳು. ಪಕ್ಕದಲ್ಲೇ ಹಡ್ಸನ್ ನದಿ. ನೀರು ನುಗ್ಗದಂತೆ ಮೊದಲು ನೆಲದೊಳಗೆ ಸುತ್ತಲೂ ಕಾಂಕ್ರೀಟ್ ಗೋಡೆ ಇಳಿಸಿ, ಆಮೇಲೆ ಒಳಗಿನ ಮಣ್ಣು ತೆಗೆದರು. ಆ ಮಣ್ಣನ್ನು ನದಿಗೆ ತುಂಬಿದ ಜಾಗದಲ್ಲಿ ಮುಂದೆ ಬ್ಯಾಟರಿ ಪಾರ್ಕ್ ಸಿಟಿ ಎಂಬ ಬಡಾವಣೆಯೇ ಎದ್ದಿತು. ಉಕ್ಕಿಗೆ ದೇಶದ ಎರಡು ದೈತ್ಯ ಕಂಪನಿಗಳು ಹೇಳಿದ ಬೆಲೆ ಕೈಗೆಟುಕುವಂತಿರಲಿಲ್ಲ. ಮಾಲೀಕ ಸಂಸ್ಥೆಯಾದ ಪೋರ್ಟ್ ಅಥಾರಿಟಿ ಕೆಲಸವನ್ನು ತುಂಡು ತುಂಡಾಗಿ ಒಡೆದು ಹತ್ತಾರು ಸಣ್ಣ ಕಾರ್ಖಾನೆಗಳಿಗೆ ಹಂಚಿತು. ಹಣ ಉಳಿಯಿತು, ಆದರೆ ಬೇರೆ ಬೇರೆ ಊರುಗಳಿಂದ ಬರುವ ತುಣುಕುಗಳು ಸರಿಯಾದ ದಿನಕ್ಕೆ ಬಂದು ಸರಿಯಾದ ಜಾಗದಲ್ಲಿ ಕೂರಬೇಕಲ್ಲ! ಆ ಎತ್ತರದಲ್ಲಿ ತೊಲೆಗಳನ್ನು ಜೋಡಿಸಿದ ಉಕ್ಕಿನ ಕೆಲಸಗಾರರಲ್ಲಿ ಮೊಹಾಕ್ ಆದಿವಾಸಿಗಳೂ ಇದ್ದರು. 1973ರ ಏಪ್ರಿಲ್‌ನಲ್ಲಿ ಸಮರ್ಪಣಾ ಸಮಾರಂಭ ನಡೆಯಿತು.

2001ರಲ್ಲಿ ಅವು ಬಿದ್ದಾಗ ಜಾನ್ ಬದುಕಿದ್ದರು. ಅದೇ ನೆಲದಲ್ಲಿ ಮತ್ತೆ ಕಟ್ಟುವ ಹೊಣೆ ಅವರ ಮಗ ಡೇನಿಯಲ್ ಮುನ್ನಡೆಸುತ್ತಿದ್ದ ಸಂಸ್ಥೆಗೇ ಬಂತು. 2014ರಲ್ಲಿ 541 ಮೀಟರ್ ಎತ್ತರದ ಒನ್ ವರ್ಲ್ಡ್ ಟ್ರೇಡ್ ಸೆಂಟರ್ ತೆರೆಯಿತು. ಎರಡು ವರ್ಷದ ನಂತರ ಜಾನ್ ತೀರಿಕೊಂಡರು.

ಈ ಮನೆತನಕ್ಕೆ ಇನ್ನೊಂದು ಕವಲೂ ಇದೆ. 1970ರ ದಶಕದ ಕೊನೆಯಲ್ಲಿ ಹಳೆಯ ಕಂಪನಿ ಒಡೆದಾಗ ಜಾನ್ ಅವರ ಸಂಬಂಧಿ ರಾಬರ್ಟ್ ಟಿಶ್‌ಮನ್ ಮತ್ತು ರಾಬರ್ಟ್ ಅವರ ಮಗಳ ಗಂಡ ಜೆರ್ರಿ ಸ್ಪೈಯರ್ ಆಸ್ತಿ ವ್ಯವಹಾರಕ್ಕೆ ಟಿಶ್‌ಮನ್ ಸ್ಪೈಯರ್ ಎಂಬ ಸಂಸ್ಥೆ ಹುಟ್ಟುಹಾಕಿದರು. ಅದು 2006ರಲ್ಲಿ ಪಾಲುದಾರರೊಂದಿಗೆ ಸೇರಿ, ಮ್ಯಾನ್‌ಹಟನ್‌ನಲ್ಲಿ ಮಧ್ಯಮ ವರ್ಗದವರ ಸುಮಾರು 11,000 ಮನೆಗಳಿದ್ದ ಬೃಹತ್ ವಸತಿ ಸಮುಚ್ಚಯವನ್ನು 540 ಕೋಟಿ ಡಾಲರಿಗೆ ಕೊಂಡಿತು, ಬಹುಪಾಲು ಸಾಲದ ಹಣದಲ್ಲಿ. ಬಾಡಿಗೆ ಏರಿಸುವ ಲೆಕ್ಕಾಚಾರ ಕೈಕೊಟ್ಟಿತು. 2010ರಲ್ಲಿ ಆ ಆಸ್ತಿಯನ್ನು ಸಾಲ ಕೊಟ್ಟವರಿಗೇ ಬಿಟ್ಟುಕೊಡಬೇಕಾಯಿತು. ಅದೇ ವರ್ಷ ಜಾನ್ ಮತ್ತು ಡೇನಿಯಲ್ ಅವರ, ಕಟ್ಟಡ ಕಟ್ಟುವ ಕವಲನ್ನು ಏಕಾಮ್ ಎಂಬ ದೊಡ್ಡ ಕಂಪನಿ ಕೊಂಡುಕೊಂಡಿತು.

ನಮಸ್ಕಾರ.